ಮಾಲಕಿಯ ಬೌರಾನ್ ಹರಿದ ದಿನ

ಫಿಲೊಮಿನಾ ಅತ್ತೆ ಶನಿವಾರ ಬೆಳಗ್ಗೆ ಕನ್ನಡಕ ಹಾಕಿಕೊಳ್ಳದೆ ಕುರ್ಚಿಯ ಮೇಲೆ ಕೂತರು. ಆಮೇಲೆ ನಡೆದದ್ದಕ್ಕೆಲ್ಲ ಅದೇ ಕಾರಣ.

ಕುರ್ಚಿ ಖಾಲಿ ಇರಲಿಲ್ಲ. ಅದರ ಮೇಲೆ ಅಳಿಯ ಮಾಲಕಿ ಟಿಯರ್ನಿಯ ಬೌರಾನ್ ಇತ್ತು. ಜರಡಿಯಂಥ ದುಂಡನೆಯ ಮರದ ಬಳೆಗೆ ಒಂದೇ ಮಗ್ಗುಲಲ್ಲಿ ಮೇಕೆಯ ಚರ್ಮ ಬಿಗಿದ ತಮಟೆ ಅದು. ಹಬ್ಬದ ದಿನ ಒಲೆಯ ಶಾಖ ಸ್ವಲ್ಪ ತಾಗಿ ಚರ್ಮ ಬಿಗಿಯಾಗಲಿ ಎಂದು ಮಾಲಕಿಯೇ ಅದನ್ನು ಅಲ್ಲಿಟ್ಟಿದ್ದ. ಬ್ಯಾಲಿಡೂನನ್ ಎಂಬ ಐರಿಷ್ ಊರಿನ ಹಾಡು-ಕುಣಿತದ ಹಬ್ಬ ನೋಡಿಕೊಂಡು ಹೋಗಲು ಅತ್ತೆ ಹಿಂದಿನ ಸಂಜೆಯಷ್ಟೇ ಬಸ್ಸಿಳಿದಿದ್ದರು. ಚಹಾದ ಬಟ್ಟಲು ಕೈಯಲ್ಲಿ ಹಿಡಿದು, "ಯೇಸಪ್ಪಾ" ಎಂದು ಉಸಿರು ಬಿಟ್ಟು, ತಮ್ಮ ಇಡೀ ಮೈಯನ್ನು ನಂಬಿಕೆಯಿಂದ ಕುರ್ಚಿಗೆ ಒಪ್ಪಿಸಿದರು.

ಧಡಂ!

ಆ ಬೌರಾನಿನಿಂದ ಅಷ್ಟು ಒಳ್ಳೆಯ ಸದ್ದನ್ನು ಮಾಲಕಿ ಈವರೆಗೆ ಹೊರಡಿಸಿರಲಿಲ್ಲ.

"ಏನದು? ಕುರ್ಚಿ ಮುರೀತಾ?" ಅತ್ತೆ ಗಾಬರಿಯಿಂದ ಕೇಳಿದರು. ಬೌರಾನಿನ ಬಳೆಯೊಳಗೆ ಸಿಕ್ಕಿಕೊಂಡದ್ದರಿಂದ ಏಳಲು ಆಗಲಿಲ್ಲ.

"ಕುರ್ಚಿ ಗಟ್ಟಿಯಾಗಿದೆ ಅಮ್ಮ. ಹೋಗಿದ್ದು ಅವನ ಬೌರಾನ್," ಎಂದಳು ಓರ್ಲಾ, ಬಾಣಲೆಯಲ್ಲಿ ಸಾಸೇಜು ಹೊರಳಿಸುತ್ತಿದ್ದವಳು.

ಗಂಡಹೆಂಡಿರಿಬ್ಬರೂ ಸೇರಿ ಅತ್ತೆಯನ್ನು ಎಳೆದು ಬಿಡಿಸಿದರು. ಚರ್ಮ ನಟ್ಟನಡುವೆ ಬಾಯಿ ಬಿಟ್ಟಿತ್ತು. ಮಾಲಕಿ ಅದನ್ನು ಕೈಗೆತ್ತಿಕೊಂಡು ಕಿಟಕಿಯ ಕಡೆ ತಿರುಗಿ ನಿಂತ. ಮುಖ ತೋರಿಸುವ ಹಾಗಿರಲಿಲ್ಲ. ಇವತ್ತು ಶಾಲೆಗೆ ರಜೆ ಎಂದು ತಿಳಿದ ಹುಡುಗನ ನಗು ಅಲ್ಲಿ ಕೂತಿತ್ತು.

ಅವನಿಗೆ ಬೌರಾನ್ ಕಂಡರೆ ಆಗುತ್ತಿರಲಿಲ್ಲ. ಅದು ಅವನ ಅಪ್ಪನದು. ಅಪ್ಪ ಬಾರಿಸಿದರೆ ಊರುಗೋಲು ಹಿಡಿದವರೂ ಎದ್ದು ಹೆಜ್ಜೆ ಹಾಕುತ್ತಿದ್ದರು. ಅಪ್ಪನನ್ನು ಮಣ್ಣು ಮಾಡಿದ ಮರುವಾರ ಊರಿನ ವಾದ್ಯತಂಡದ ಉಳಿದಿಬ್ಬರು ಮನೆಗೆ ಬಂದರು. ಪಿಟೀಲು ನುಡಿಸುವ ನ್ಯೂಲಾ ಹ್ಯಾನ್ರಹನ್ ಮತ್ತು ಕೊಳಲೂದುವ ಕಸಾಯಿ ಕಾರ್ಮಕ್ ಡಿವಾನ್. ಇಬ್ಬರೂ ಕಣ್ಣೊರೆಸಿಕೊಂಡು, "ಇನ್ಮೇಲೆ ಬಾರಿಸೋನು ನೀನೇ, ಮಾಲಕಿ" ಎಂದು ಬೌರಾನನ್ನು ಅವನ ತೊಡೆಯ ಮೇಲಿಟ್ಟು ಹೋದರು. ಅಳುತ್ತಿರುವವರ ಮುಖಕ್ಕೆ ನನಗಿದು ಬರುವುದಿಲ್ಲ ಎಂದು ಹೇಳುವುದು ಹೇಗೆ? ಅಂದಿನಿಂದ ಪ್ರತಿ ಆಗಸ್ಟಿನಲ್ಲೂ ಅವನು ವೇದಿಕೆ ಹತ್ತುತ್ತ ಬಂದಿದ್ದ.

ಮಾಲಕಿ ಕಬ್ಬಿಣದಂಗಡಿಯಲ್ಲಿ ಮೊಳೆ, ಬಣ್ಣ, ಬೇಲಿಯ ತಂತಿ ಮಾರುವವನು. ಬೌರಾನನ್ನೂ ಮೊಳೆ ಹೊಡೆದ ಹಾಗೆಯೇ ಹೊಡೆಯುತ್ತಿದ್ದ. ತಾಳ ತಪ್ಪಿದ್ದು ಅವನಿಗೇ ಗೊತ್ತಾಗುತ್ತಿತ್ತು. ಗೊತ್ತಾದ ಗಾಬರಿಯಲ್ಲಿ ಇನ್ನೂ ಜೋರಾಗಿ ಹೊಡೆಯುತ್ತಿದ್ದ. ಜುಲೈ ಬಂತೆಂದರೆ ಊಟ ಸೇರುತ್ತಿರಲಿಲ್ಲ. ಆದರೂ ನ್ಯೂಲಾ, ಕಾರ್ಮಕ್ ಇಬ್ಬರೂ ಒಂದು ಮಾತು ಆಡಿದವರಲ್ಲ. ಅಪ್ಪನ ಮೇಲಿನ ಗೌರವಕ್ಕೆ ಪಾಪ ಸಹಿಸಿಕೊಂಡಿದ್ದಾರೆ ಎಂದುಕೊಂಡು ಅವನು ಒಳಗೊಳಗೇ ಇನ್ನಷ್ಟು ಕುಗ್ಗಿದ್ದ.

"ಸತ್ತವರ ಗುರುತು ಅದು! ನಾನೇ ಕೈಯಾರೆ ಕೊಂದೆನಲ್ಲೋ!" ಅತ್ತೆ ಗೋಳಾಡಿದರು.

"ಕೈಯಾರೆ ಅಲ್ಲ ಬಿಡಮ್ಮ," ಎಂದಳು ಓರ್ಲಾ.

"ಹಳೇದಾಗಿತ್ತು ಅತ್ತೆ. ಇವತ್ತಲ್ಲ ನಾಳೆ ಹೋಗೋದೇ. ನೀವು ಚಹಾ ಕುಡೀರಿ," ಎಂದ ಮಾಲಕಿ, ಆದಷ್ಟು ಸಣ್ಣ ದನಿಯಲ್ಲಿ.

"ನೋಡೇ ಓರ್ಲಾ, ಎಂಥಾ ಮನಸ್ಸು ನಿನ್ನ ಗಂಡಂದು! ಒಳಗೆ ಉರೀತಾ ಇದ್ರೂ ನನಗೆ ಸಮಾಧಾನ ಹೇಳ್ತಾನೆ. ನಿಮ್ಮಪ್ಪ ಆಗಿದ್ರೆ ಮೂರು ದಿನ ಮಾತಾಡ್ತಿರಲಿಲ್ಲ." ಅತ್ತೆ ಚರ್ಚಿಗೆ ಹಾಕುವ ಗರಿಯ ಟೋಪಿಯನ್ನು ತಲೆಗೇರಿಸಿದರು. "ಸಂಜೆಯೊಳಗೆ ನಿನ್ನ ಮಡಿಲಲ್ಲಿ ಒಂದು ಬೌರಾನ್ ಇರದಿದ್ರೆ ನನ್ನ ಹೆಸರು ಫಿಲೊಮಿನಾ ಅಲ್ಲ!"

ತಡೆಯುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಮಾಲಕಿ ಮುಖ ತೊಳೆದು ಬೀದಿಗಿಳಿಯುವ ಹೊತ್ತಿಗೆ ಸುದ್ದಿ ಊರಿಡೀ ತಿರುಗಿ ಬಂದಿತ್ತು. ಅಂಚೆಯವನು ಸೈಕಲ್ಲಿನಿಂದ ಇಳಿದು ಟೋಪಿ ತೆಗೆದ. "ನಿನ್ನ ದುಃಖ ಕೇಳಿ ಬೇಜಾರಾಯ್ತು ಮಾಲಕಿ." ಬೇಕರಿಯವಳು ಅಂಗಡಿ ಬಿಟ್ಟು ಓಡಿಬಂದು ಬಿಸಿ ಸೇಬಿನ ಟಾರ್ಟನ್ನು ಕೈಗಿಟ್ಟಳು. "ಏನಾದ್ರೂ ತಿನ್ನಪ್ಪ. ಇಂಥಾ ಹೊತ್ತಲ್ಲಿ ಖಾಲಿ ಹೊಟ್ಟೇಲಿ ಇರಬಾರದು." ಪಬ್ಬಿನ ಬಾಗಿಲಲ್ಲಿ ನಿಂತಿದ್ದ ಮುದುಕರು ಸಾಲಾಗಿ ಬಂದು ಕೈ ಕುಲುಕಿದರು. ಅವರಲ್ಲೊಬ್ಬನಿಗೆ ಕಿವಿ ಮಂದ. "ಯಾವಾಗ ಹೋದರು? ನರಳಲಿಲ್ಲ ತಾನೇ?" ಎಂದು ಕೇಳಿದ.

"ಇಲ್ಲ. ಒಂದೇ ಏಟಿಗೆ," ಎಂದ ಮಾಲಕಿ.

"ಪುಣ್ಯವಂತರು."

ಚೌಕದಲ್ಲಿ ಹಬ್ಬ ಆಗಲೇ ಕುದಿಯುತ್ತಿತ್ತು. ಕಿಟಕಿ ಕಿಟಕಿಯಿಂದ ಕೊಳಲು, ಮೂಲೆ ಮೂಲೆಯಲ್ಲಿ ಪಿಟೀಲು. ಒಂದು ಮಳೆ ಬಂದು ಹೋಗಿ ಇನ್ನೊಂದು ದಾರಿಯಲ್ಲಿತ್ತು. ಸದ್ಯ ಇನ್ನು ಯಾರಿಗೂ ಕಾಣದೆ ತಿರುಗಾಡಬಹುದು ಎಂದುಕೊಂಡು ಮಾಲಕಿ ಟಾರ್ಟಿನ ಮೊದಲ ತುಂಡನ್ನು ಬಾಯಿಗಿಟ್ಟ. ವೇದಿಕೆಯ ಮೈಕು ಕಿರುಚಿತು. ನಿಂತಿದ್ದವರು ಹಬ್ಬದ ಸಮಿತಿಯ ಅಧ್ಯಕ್ಷರಾದ ಫಾದರ್ ಗ್ರೋಗನ್.

"ಮಹಾಜನರೇ, ಒಂದು ನೋವಿನ ಸಂಗತಿ. ನಮ್ಮ ಮಾಲಕಿ ಟಿಯರ್ನಿಯ ತಂದೆಯ ಕಾಲದ ಬೌರಾನು ಇವತ್ತು ಬೆಳಗ್ಗೆ ಆಕಸ್ಮಿಕವಾಗಿ..." ಮುಂದಿನ ಸಾಲಿನಲ್ಲಿ ಗರಿಯ ಟೋಪಿಯೊಂದು ಬಿಕ್ಕಿತು. "...ಆಕಸ್ಮಿಕವಾಗಿ ನಮ್ಮನ್ನಗಲಿದೆ. ಮಧ್ಯಾಹ್ನ ಒಂದು ಸಲ, ಸಂಜೆ ಕುಣಿತಕ್ಕೆ ಇನ್ನೊಂದು ಸಲ, ನಮ್ಮ ತಂಡ ಬಾರಿಸಬೇಕು. ಯಾರ ಹತ್ರ ಇನ್ನೊಂದು ಬೌರಾನ್ ಇದ್ರೂ ದಯವಿಟ್ಟು ಅವನಿಗೆ ಕೊಡಿ. ಇಲ್ಲೇ ಎಲ್ಲೋ ಇದಾನೆ. ಕೆಂಪು ಸ್ವೆಟರು, ಕೈಯಲ್ಲಿ ಟಾರ್ಟು."

ಮಾಲಕಿ ಟಾರ್ಟನ್ನು ನುಂಗಿದ, ಸ್ವೆಟರನ್ನು ಕಳಚಿ ಒಳಮೈ ಹೊರಗೆ ಮಾಡಿ ಹಾಕಿಕೊಂಡ. ಅದರ ಒಳಮೈಯೂ ಕೆಂಪೇ ಇತ್ತು.

ಬೇರೆ ದಿನ ಆಗಿದ್ದರೆ ಊರಿನಲ್ಲಿ ಇನ್ನೊಂದು ಬೌರಾನ್ ಹುಡುಕುವುದು ಕಷ್ಟ. ಹಬ್ಬದ ದಿನ ಮೂವರು ಹೋಗುತ್ತಿದ್ದರೆ ಇಬ್ಬರ ಬಗಲಲ್ಲಿ ಅದೇ. ಎಲ್ಲ ಕಡೆಯಿಂದಲೂ ಬೌರಾನುಗಳು ತಟ್ಟೆಗಳ ಹಾಗೆ ಅವನತ್ತ ತೇಲಿಬಂದವು. "ತಗೋ ಮಾರಾಯ, ನಂದು ಇಟ್ಕೋ!" "ಅದು ಬೇಡ, ಇದು ಒಳ್ಳೇ ಮೇಕೆ!" ಡೊನೆಗಾಲಿನಿಂದ ಬಂದ ಒಬ್ಬ ಆಜಾನುಬಾಹು ಅಂತೂ "ಏ ಕೆಂಪು ಸ್ವೆಟರು, ನಿಲ್ಲೋ!" ಎಂದು ಕೂಗುತ್ತ ಔಷಧಿ ಅಂಗಡಿಯವರೆಗೆ ಅಟ್ಟಿಸಿಕೊಂಡು ಬಂದ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಒಳ್ಳೆಯ ಮನಸ್ಸಿನವರಿಂದ ತಪ್ಪಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಮಾಲಕಿಗೆ ಅವತ್ತು ತಿಳಿಯಿತು.

ಆಲೂಗಡ್ಡೆ ಕರಿಯುವ ವ್ಯಾನಿನ ಹಿಂದೆ ಅವಿತು ಕೂತ. ವ್ಯಾನಿನ ಹಿಂಬಾಗಿಲು ತೆರೆಯಿತು. ಅಲ್ಲಿ ಏಪ್ರನ್ನು ಕಟ್ಟಿದ ಹೆಂಗಸೊಬ್ಬಳು, ಒಂದು ಕೈಯಲ್ಲಿ ಜಾಲರಿ ಸೌಟು, ಇನ್ನೊಂದರಲ್ಲಿ ಬೌರಾನ್ ಹಿಡಿದು ನಿಂತಿದ್ದಳು.

"ನನ್ನ ಗಂಡಂದು. ಅವನು ಮಲಗಿದಾನೆ, ತಗೊಂಡು ಓಡು," ಎಂದಳು.

ಮಾಲಕಿಗೆ ಬೇರೆ ದಾರಿ ತೋಚಲಿಲ್ಲ. ಬಲಗೈ ಹಿಡಿದುಕೊಂಡು "ಅಯ್ಯಯ್ಯೋ!" ಎಂದ.

"ಏನಾಯ್ತು?"

"ಮಣಿಕಟ್ಟು... ಉಳುಕಿದೆ ಅನ್ಸುತ್ತೆ. ಬೌರಾನ್ ಹಿಡಿಯೋಕೇ ಆಗಲ್ಲ."

ಅವಳು ಸೌಟು ಎಸೆದು ಅವನನ್ನು ಎಳೆದುಕೊಂಡು ಪ್ರಥಮ ಚಿಕಿತ್ಸೆಯ ಡೇರೆಗೆ ಹೋದಳು. ಅಲ್ಲಿ ಸೇವೆಗೆ ನಿಂತಿದ್ದವನು ವರ್ಷವಿಡೀ ಪಶುವೈದ್ಯರ ಹತ್ತಿರ ಕೆಲಸ ಮಾಡುವವನು. ಕುದುರೆ ಕಾಲು ಕಟ್ಟುವ ಕೈ ಅದು. ಮಣಿಕಟ್ಟಿನಿಂದ ಶುರುಮಾಡಿ, ಮೊಣಕೈ ದಾಟಿ, ಹೆಗಲು ಮುಟ್ಟುವವರೆಗೆ ಪಟ್ಟಿ ಸುತ್ತಿ ಜೋಲಿ ಹಾಕಿದ. ಕೊನೆಗೆ ಬೆನ್ನು ತಟ್ಟಿ, "ಸ್ವಲ್ಪ ದಿನ ಓಡಿಸಬಾರದು," ಎಂದ.

ಹೊರಗೆ ಅತ್ತೆ ಎದುರಾದರು. ಪಟ್ಟಿ ನೋಡಿದ್ದೇ ಎದೆ ಹಿಡಿದುಕೊಂಡರು.

"ಅಯ್ಯೋ ಮಾಲಕಿ! ನಾನು ಕೂತಾಗ ಕೈಯೂ ಅಡೀಲಿತ್ತಾ?"

"ಇಲ್ಲ ಅತ್ತೆ, ಇಲ್ಲ! ಇದು ಬೇರೆ. ಆಮೇಲೆ ಆದದ್ದು."

"ಸುಳ್ಳು ಹೇಳ್ಬೇಡ. ನನ್ನ ನೋಯಿಸಬಾರದು ಅಂತ ಸುಳ್ಳು ಹೇಳ್ತಿದೀಯ. ದೇವರಂಥ ಅಳಿಯ!" ಎಂದು ಅತ್ತೆ ಕಣ್ಣೀರಿಡುತ್ತ ಗುಂಪಿನೊಳಗೆ ಮಾಯವಾದರು.

ಆದರೆ ಪಟ್ಟಿ ತನ್ನ ಕೆಲಸ ಮಾಡಿತು. ಬೌರಾನುಗಳು ದೂರ ಸರಿದವು. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಮಾಲಕಿಗೆ ತನ್ನೂರಿನ ಹಬ್ಬದಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ.

ಅವನು ಸುಮ್ಮನೆ ನಡೆದ. ಗ್ರಂಥಾಲಯದ ಒಳಗೆ ಒಬ್ಬಳು ಹಾರ್ಪ್ ನುಡಿಸುತ್ತಿದ್ದಳು. ಕೂತವರು ಕೆಮ್ಮನ್ನೂ ತಡೆಹಿಡಿದು ಕೇಳುತ್ತಿದ್ದರು. ಒಂದೊಂದು ತಂತಿಯ ಸದ್ದೂ ಸೂರಿನಿಂದ ಬೀಳುವ ಮಳೆಹನಿಯಂತೆ ಬೇರೆ ಬೇರೆಯಾಗಿ ಬಂದು ಬಿದ್ದಿತು. ಪಬ್ಬಿನ ಒಳಕೋಣೆಯಲ್ಲಿ ದ್ವೀಪವೊಂದರಿಂದ ಬಂದ ಮುದುಕನೊಬ್ಬ ಗೋಡೆಯ ಕಡೆ ಮುಖಮಾಡಿ, ಕಣ್ಣುಮುಚ್ಚಿ, ಯಾವ ವಾದ್ಯವೂ ಇಲ್ಲದೆ ಐರಿಷಿನಲ್ಲಿ ಹಾಡುತ್ತಿದ್ದ. ಪಕ್ಕದವನು ಅವನ ಕೈ ಹಿಡಿದು, ಬಾವಿಯ ಗಡಗಡೆಯನ್ನು ತಿರುಗಿಸುವ ಹಾಗೆ ಮೆಲ್ಲಗೆ ಸುತ್ತಿಸುತ್ತಿದ್ದ. ಮುಳುಗಿದ ದೋಣಿಯ ಹಾಡು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, "ದೇವರು ನಿನಗೆ ಆಯುಸ್ಸು ಕೊಡಲಿ" ಎಂದರು, ಅಷ್ಟೆ.

ಮಾಲಕಿಯ ಕಣ್ಣು ತುಂಬಿಬಂತು. ಇಷ್ಟು ವರ್ಷ ಇದೆಲ್ಲ ಅವನ ಪಕ್ಕದಲ್ಲೇ ನಡೆದಿತ್ತು. ತನ್ನ ಗದ್ದಲದ ಹಿಂದೆ, ತನ್ನ ಹೆದರಿಕೆಯ ಹಿಂದೆ ಕೂತು ಅವನು ಒಂದನ್ನೂ ಕೇಳಿಸಿಕೊಂಡಿರಲಿಲ್ಲ.

ಬೀದಿಯಲ್ಲಿ ಕುಣಿತ ನಡೆಯುತ್ತಿತ್ತು. ಓರ್ಲಾ ಬಂದು ಅವನ ಎಡಗೈ ಹಿಡಿದಳು. "ಬಾ. ಕಾಲಿಗೇನೂ ಆಗಿಲ್ಲ ತಾನೇ?"

ಜೋಲಿಯಲ್ಲಿ ಕೈ ಇಟ್ಟುಕೊಂಡೇ ಅವನು ಕುಣಿದ. ತಿರುವಿನಲ್ಲಿ ಎಡವಿ ಅಂಚೆಯವನ ಪಾದ ತುಳಿದ. ಓರ್ಲಾ ನಕ್ಕಳು, ಅವಳ ಕೆನ್ನೆ ಕೆಂಪಾಯಿತು.

"ನಮ್ಮ ಮದುವೆ ಆದ್ಮೇಲೆ ಹಬ್ಬದಲ್ಲಿ ನೀನು ನನ್ನ ಜೊತೆ ಕುಣೀತಿರೋದು ಇದೇ ಮೊದಲು, ಗೊತ್ತಾ?" ಎಂದಳು. "ಯಾವಾಗ್ಲೂ ನೀನು ವೇದಿಕೆ ಮೇಲೆ, ನಾನು ಕೆಳಗೆ."

ಮಾಲಕಿ ಮನಸ್ಸಿನಲ್ಲೇ ಅತ್ತೆಗೆ ಕೈಮುಗಿದ. ಅಷ್ಟಕ್ಕೇ ತೃಪ್ತಿಯಾಗದೆ ಐಸ್‌ಕ್ರೀಮಿನ ಕೋನೊಂದನ್ನು ಹಿಡಿದು ಹೋಗಿ ಅವರಿಗೆ ಕೊಟ್ಟ.

"ಯಾಕೋ ಇದು?"

"ಸುಮ್ನೆ ಅತ್ತೆ. ನೀವು ಬಂದದ್ದು ಬಹಳ ಒಳ್ಳೇದಾಯ್ತು."

ಅತ್ತೆ ಐಸ್‌ಕ್ರೀಮನ್ನೂ ಕಣ್ಣೀರನ್ನೂ ಒಟ್ಟಿಗೆ ತಿಂದರು. "ಆ ಮುದುಕ ಹಾಡುವಾಗ ನೀನು ಅಳ್ತಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಪ್ಪನ ನೆನಪು, ಬೌರಾನಿನ ನೆನಪು. ನೀನೊಬ್ಬನೇ ಅಲ್ಲ ಕಣೋ. ಮಧ್ಯಾಹ್ನ ದೊಡ್ಡ ಡೇರೇಲಿ ನೀನಿಲ್ಲದೆ ಬಾರಿಸಿ ಇಳಿದರಲ್ಲ, ನ್ಯೂಲಾ ಮತ್ತೆ ಆ ಕಾರ್ಮಕ್ಕು, ಅವರ ಮುಖ ನೋಡಬೇಕಿತ್ತು. ಮಣ್ಣಿಗೆ ಹೋಗಿ ಬಂದವರ ಹಾಗಿದ್ರು. ನೀನಿಲ್ದೆ ಅವರಿಗೆ ಜೀವಾನೇ ಇಲ್ಲ."

ಮಾಲಕಿಯ ಎದೆ ಚುರುಕ್ಕೆಂದಿತು. ಅವನು ಕುಣಿಯುತ್ತಿದ್ದಾಗ ಅವರು ಅಲ್ಲಿ ಅವನಿಗಾಗಿ ಮರುಗುತ್ತಿದ್ದರು! ಸತ್ಯ ಹೇಳಿಬಿಡಬೇಕು, ಇವತ್ತೇ ಹೇಳಬೇಕು, ಇನ್ನೊಂದು ಆಗಸ್ಟನ್ನು ಹೀಗೆ ಕಳೆಯಲಾರೆ ಎಂದು ನಿರ್ಧರಿಸಿದ. ಸಂಜೆಯ ಕುಣಿತಕ್ಕೆ ಮುಂಚೆ ವೇದಿಕೆಯ ಹಿಂದಿನ ಡೇರೆಗೆ ತಾನಾಗಿಯೇ ಹೋದ. ಅತ್ತೆಯೂ ಓರ್ಲಾಳೂ ಹಿಂದೆಯೇ ಬಂದರು.

ಒಳಗೆ ನ್ಯೂಲಾ ಮತ್ತು ಕಾರ್ಮಕ್ ಅವನಿಗಾಗಿಯೇ ಕಾದಿದ್ದರು. ಮೇಜಿನ ಮೇಲೆ ಹೊಚ್ಚಹೊಸ ಬೌರಾನ್ ಇತ್ತು. ಅಪ್ಪನದಕ್ಕಿಂತ ಒಂದು ಗೇಣು ಅಗಲ. ಚರ್ಮ ಪೂರ್ಣಚಂದ್ರನ ಹಾಗೆ ಬಿಗಿದು ನಿಂತಿತ್ತು.

"ಕೆರ್ರಿಯಿಂದ ಬಂದಿರೋ ಕೆಲಸಗಾರನ ಮಳಿಗೇಲಿ ತಗೊಂಡ್ವಿ," ಎಂದ ಕಾರ್ಮಕ್. "ಇದ್ದದ್ದನ್ನೆಲ್ಲ ಬಾರಿಸಿ ನೋಡಿ, ಎಲ್ಲಕ್ಕಿಂತ ಜೋರು ಸದ್ದಿರೋದನ್ನೇ ಆರಿಸಿದ್ವಿ. ನಿನಗೆ ನಮ್ಮ ಕಡೆಯಿಂದ."

ಮಾಲಕಿ ಜೋಲಿ ಕಿತ್ತುಹಾಕಿ ಪಟ್ಟಿ ಬಿಚ್ಚತೊಡಗಿದ. ಅದು ಮುಗಿಯುವಂತೆಯೇ ಕಾಣಲಿಲ್ಲ. ಎಲ್ಲರೂ ನೋಡುತ್ತ ನಿಂತರು. ಕೊನೆಗೆ ಕೈ ಹೊರಬಂತು. ಅವನು ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದ.

"ವಾಸಿಯಾಯ್ತು! ಮಾತೆ ಮರಿಯಮ್ಮ, ವಾಸಿಯಾಯ್ತು!" ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು.

"ವಾಸಿ ಅಲ್ಲ ಅತ್ತೆ. ಏನೂ ಆಗಿರಲೇ ಇಲ್ಲ. ಸುಳ್ಳು ಹೇಳಿದೆ." ಮಾಲಕಿ ನೆಲ ನೋಡುತ್ತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. "ಬೆಳಗ್ಗೆ ಬೌರಾನ್ ಹರಿದಾಗ ನನಗೆ ಸಂತೋಷ ಆಯ್ತು. ನನಗೆ ಬಾರಿಸೋಕೆ ಬರಲ್ಲ. ಯಾವತ್ತೂ ಬಂದಿಲ್ಲ. ನೀವು ಅವತ್ತು ಅಳ್ತಾ ಬಂದ್ರಿ, ಇಲ್ಲ ಅನ್ನೋಕೆ ಆಗಲಿಲ್ಲ. ನನ್ನಿಂದ ನಿಮ್ಮ ಸಂಗೀತ ಹಾಳಾಗ್ತಿದೆ ಅಂತ ನನಗೆ ಗೊತ್ತು. ಅಪ್ಪನ ಮುಖ ನೋಡಿ ನೀವು ಸಹಿಸ್ಕೊಂಡ್ರಿ. ಇನ್ನು ಸಾಕು. ನಿಮಗೆ ನಾನು ಋಣಿ. ಆದ್ರೆ ಈ ಬೌರಾನನ್ನ ಬಾರಿಸೋಕೆ ಬರೋ ಒಬ್ಬರಿಗೆ ಕೊಡಿ."

ಓರ್ಲಾ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ನ್ಯೂಲಾ ಕನ್ನಡಕ ತೆಗೆದು ಒರೆಸಿಕೊಂಡಳು. ವಯಸ್ಸಾದ ಮೇಡಂ ಅವಳು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳು.

"ನಿನಗೆ ಬಾರಿಸೋಕೆ ಬರೋಲ್ಲ ಅಂತ ನಮಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?" ಎಂದಳು. "ನಮಗೇನು ಕಿವಿ ಇಲ್ವೇನೋ ಮಾಲಕಿ?"

"ಮತ್ತೆ... ಇಷ್ಟು ವರ್ಷ?"

ನ್ಯೂಲಾ ಕಾರ್ಮಕನ ಮುಖ ನೋಡಿದಳು. ಕಾರ್ಮಕ್ ತನ್ನ ಬೂಟು ನೋಡಿಕೊಂಡ.

"ಹೇಳಿಬಿಡು ನ್ಯೂಲಾ," ಎಂದ. "ಅವನೂ ಹೇಳಿದ್ನಲ್ಲ."

"ಇವತ್ತು ಮಧ್ಯಾಹ್ನ ನೀನಿರಲಿಲ್ಲ. ನನ್ನ ಪಿಟೀಲು ನನಗೆ ಕೇಳಿಸ್ತು."

"ಒಳ್ಳೇದೇ ಆಯ್ತಲ್ಲ!"

"ಏನು ಒಳ್ಳೇದು? ಜನಕ್ಕೂ ಕೇಳಿಸ್ತು!" ನ್ಯೂಲಾ ತನ್ನ ಎಡಗೈ ಮುಂದೆ ಚಾಚಿದಳು. ಬೆರಳ ಗೆಣ್ಣುಗಳು ಊದಿಕೊಂಡು ಸೊಟ್ಟಗಾಗಿದ್ದವು. "ನಿಮ್ಮಪ್ಪ ತೀರಿಕೊಂಡ ವರ್ಷಾನೇ ಶುರುವಾಯ್ತು. ಚಳಿಗೆ ಬೆರಳು ಬಗ್ಗೋಲ್ಲ. ವೇಗದ ಜಾಗದಲ್ಲಿ ಅರ್ಧ ಸ್ವರ ಬಿಟ್ಟುಬಿಡ್ತೀನಿ. ಈ ಕಾರ್ಮಕ್ಕಂಗೆ ಹೊಸ ಹಲ್ಲಿನ ಸೆಟ್ಟು. ಉಸಿರಲ್ಲಿ ಅರ್ಧ ಕೊಳಲಿಗೆ ಹೋಗುತ್ತೆ, ಅರ್ಧ ಹಲ್ಲಿನ ಸಂದೀಲಿ ಹೋಗುತ್ತೆ."

"ಮಧ್ಯಾಹ್ನ ಮುಂದಿನ ಸಾಲಲ್ಲಿದ್ದ ನಾಯಿ ಎದ್ದು ಹೋಯ್ತು," ಎಂದ ಕಾರ್ಮಕ್, ತಗ್ಗಿದ ದನಿಯಲ್ಲಿ.

"ಈ ವಾದ್ಯ ಬಿಟ್ರೆ ನಮಗಿಬ್ರಿಗೂ ಬೇರೆ ಏನಿದೆ ಹೇಳು? ನೀನು ಗುಡುಗ್ತಿದ್ದೆ, ಅದರಡೀಲಿ ನಾವು ಬಚ್ಚಿಟ್ಕೊಂಡಿದ್ವಿ. ಪ್ರತಿ ವರ್ಷ ವೇದಿಕೆಯಿಂದ ಇಳೀವಾಗ ನಿನಗೆ ಕೃತಜ್ಞತೆ ಹೇಳ್ಬೇಕು ಅನ್ಸೋದು. ಹೇಳೋದು ಹೇಗೆ? ನೀನು ಕೆಟ್ಟದಾಗಿ ಬಾರಿಸ್ತೀಯಪ್ಪ, ಬಹಳ ಉಪಕಾರ ಆಯ್ತು ಅಂತ ಹೇಳೋಕಾಗುತ್ತಾ?" ನ್ಯೂಲಾ ಅವನ ಕೈಯನ್ನು ತನ್ನ ಸೊಟ್ಟ ಬೆರಳುಗಳ ನಡುವೆ ತೆಗೆದುಕೊಂಡಳು. "ಇವತ್ತು ಹೇಳ್ತಿದೀನಿ. ನಮ್ಮ ಮಾನ ಕಾಪಾಡಿದೀಯ ಮಗು. ದೇವರು ನಿನ್ನ ಚೆನ್ನಾಗಿಟ್ಟಿರಲಿ."

ಮಾಲಕಿಗೆ ನಗು ಬಂತು, ಅಳುವೂ ಬಂತು. ಇಷ್ಟು ವರ್ಷ ತಾನು ಅವರಿಗೆ ಹೊರೆ ಎಂದು ಕುಗ್ಗಿದ್ದವನಿಗೆ, ಯಾರಾದರೂ ತನ್ನ ಬೌರಾನಿಗಾಗಿ ಮನಸಾರೆ ಕೃತಜ್ಞತೆ ಹೇಳಿದ್ದು ಇದೇ ಮೊದಲು. ಅದೂ ಬಾರದೆ ಬಾರಿಸಿದ್ದಕ್ಕೆ! ಎದೆಯ ಮೇಲಿಂದ ಏನೋ ಕಲ್ಲು ಸರಿದ ಹಾಗಾಯಿತು. ಸರಿದ ಕಲ್ಲು ಬಗಲಲ್ಲಿ ಬಂದು ಕೂತಿತು ಎಂಬುದು ಬೇರೆ ಮಾತು. ಕಾರ್ಮಕ್ ಆಗಲೇ ಹೊಸ ಬೌರಾನನ್ನು ಅವನ ಬಗಲಿಗೆ ತುರುಕಿದ್ದ.

ಫಾದರ್ ಗ್ರೋಗನ್ ತಲೆ ಒಳಗೆ ಹಾಕಿದರು. "ಬನ್ರಪ್ಪ, ಜನ ಕುಣಿಯೋಕೆ ನಿಂತಿದಾರೆ. ಓ ಮಾಲಕಿ! ಕೈ ಸರಿಹೋಯ್ತಾ?"

"ಪವಾಡ ಫಾದರ್! ನನ್ನ ಕಣ್ಣೆದುರೇ ಆಯ್ತು!" ಎಂದರು ಅತ್ತೆ. ಸುಳ್ಳು ಹೇಳಿದೆ ಎಂದು ಮಾಲಕಿ ಒಪ್ಪಿಕೊಂಡದ್ದನ್ನು ಅವರು ನಂಬಿರಲೇ ಇಲ್ಲ, ಹಲ್ಲಿನ ಸೆಟ್ಟಿನ ಮಾತಿನಿಂದಾಚೆಗೆ ಏನನ್ನೂ ಕೇಳಿಸಿಕೊಂಡಿರಲಿಲ್ಲ.

ಮಾಲಕಿ ಓರ್ಲಾಳ ಕಡೆ ನೋಡಿದ. ಅವಳು ಒಂದು ಕ್ಷಣ ತುಟಿ ಕಚ್ಚಿ, ಆಮೇಲೆ ಅವನ ಸ್ವೆಟರಿನ ಕಾಲರು ಸರಿಮಾಡಿದಳು. "ಹೋಗು. ನಾನು ಕೆಳಗೆ ಅಂಚೆಯವನ ಜೊತೆ ಕುಣೀತೀನಿ. ಅವನ ಪಾದಕ್ಕೆ ಹೇಗೂ ತುಳಿಸ್ಕೊಂಡು ಅಭ್ಯಾಸ ಆಗಿದೆ."

ಮೂವರೂ ಮೇಲೆ ಹತ್ತಿದರು. ಚೌಕದ ತುಂಬ ಸಂಜೆಬಿಸಿಲು, ತೊಳೆದ ಕಲ್ಲುಹಾಸು, ಎದುರುಬದುರು ನಿಂತ ಜೋಡಿಗಳು. ಮಾಲಕಿಯನ್ನು ನೋಡಿ ಜನ ಹೋ ಎಂದರು. ನ್ಯೂಲಾ ಕಾಲಿನಿಂದ ಲೆಕ್ಕ ಕೊಟ್ಟಳು. ಮಾಲಕಿ ಕೋಲೆತ್ತಿ ಹೊಡೆದ. ಹೊಸ ಬೌರಾನ್ ಬೆಟ್ಟದಿಂದ ಬಂಡೆ ಉರುಳಿದ ಹಾಗೆ ಗುಡುಗಿತು, ಪಬ್ಬಿನ ಕಿಟಕಿಯ ಗಾಜು ನಡುಗಿತು, ಜನ ಕುಣಿಯತೊಡಗಿದರು. ತಾಳ ತಪ್ಪಿತು, ಅವನಿಗೆ ಗೊತ್ತಾಯಿತು. ಆದರೆ ಇವತ್ತು ಗಾಬರಿಯಾಗಲಿಲ್ಲ. ಪಕ್ಕದಲ್ಲಿ ಕೊಳಲಿನಿಂದ ಬರೀ ಗಾಳಿ ಬರುತ್ತಿತ್ತು. ಕಾರ್ಮಕ್ ಕಣ್ಣುಮುಚ್ಚಿ ಸ್ವರ್ಗದಲ್ಲಿದ್ದವನ ಹಾಗೆ ಊದುತ್ತಿದ್ದ.

ಇನ್ನು ಸ್ವಲ್ಪ ಮೆತ್ತಗೆ ಬಾರಿಸೋಣ, ತಾಳವನ್ನಾದರೂ ಹಿಡಿಯೋಣ ಎಂದು ಮಾಲಕಿ ಕೈ ಸಡಿಲಿಸಿದ. ಅಷ್ಟರಲ್ಲಿ ನ್ಯೂಲಾ ಪಿಟೀಲಿನ ಮೇಲಿಂದಲೇ ಅವನ ಕಿವಿಯತ್ತ ಬಾಗಿ ಪಿಸುಗುಟ್ಟಿದಳು.

"ಜೋರಾಗಿ ಮಾಲಕಿ, ಇನ್ನೂ ಜೋರಾಗಿ! ಈಗ ಬರೋ ಭಾಗ ನನಗೆ ಬರೋಲ್ಲ!"